'ಗಾಡಿ ಹೀಟ್ ಆಗ್ತದೆ' ಅಂದರೆ ಸರಿಯಾಗಿ ಎಂತ?

ತೀರ್ಥಹಳ್ಳಿ ಕಡೆ ಬಾಡಿಗೆ ಕಾರು, ಜೀಪು ಓಡಿಸುವವರಿಗಾಗಿ ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ಇಂಜಿನ್ ಬಿಸಿಯಾದರೆ ಗ್ಯಾರೇಜಿನಲ್ಲಿ ಏನಂತ ಹೇಳಬೇಕು ಅನ್ನುವುದು ವಿಷಯ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಎಲ್ಲರೂ ಹೇಳುವುದು 'ಗಾಡಿ ಹೀಟ್ ಆಗ್ತದೆ' ಅಂತ. ಈ ಒಂದು ಮಾತಿನಿಂದ ರಿಪೇರಿ ದಾರಿ ತಪ್ಪುವುದನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ: ಇದನ್ನು ಬಿಡಿಸಿ ಹೇಳುವ ಮಾತುಗಳು ನಿಮ್ಮ ಕಡೆ ಯಾವುವು? 'ಅಧಿಕ ತಾಪ', 'ಅತ್ಯುಷ್ಣತೆ' ಇಂಥವು ದಯವಿಟ್ಟು ಬೇಡ. ಅದನ್ನು ಕೇಳಿದರೆ ಮೆಕ್ಯಾನಿಕ್ ನಮ್ಮನ್ನೇ ಡಾಕ್ಟರ ಹತ್ತಿರ ಕಳಿಸಿಯಾನು.

ನಡೆದದ್ದು ಇಷ್ಟು. ನನ್ನ ಭಾವನದು ಒಂದು ಹಳೆಯ ಪೆಟ್ರೋಲ್ ಕಾರು. ಶಿವಮೊಗ್ಗಕ್ಕೆ ಹೋಗಿಬಂದರೆ ತಕರಾರಿಲ್ಲ. ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ಮಾತ್ರ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೆ ಹೋಗುತ್ತಿತ್ತು. ಒಂದು ಗ್ಯಾರೇಜಿನವರು ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್ ಬಿಚ್ಚಿ ತೊಳೆದರು. ಇನ್ನೊಂದು ಕಡೆ, ಇಂಜಿನ್ ಹದಕ್ಕೆ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟ್ಯಾಟ್ ವಾಲ್ವ್ ಕಿತ್ತೇ ಬಿಟ್ಟರು, ನಮ್ಮ ಹವೆಗೆ ಅದು ಬೇಡವಂತೆ. ಮತ್ತೊಬ್ಬರು ವಾಟರ್ ಪಂಪ್ ಬದಲಾಯಿಸಿ, ಫ್ಯಾನಿಗೆ ಡೈರೆಕ್ಟ್ ಲೈನ್ ಎಳೆದು, ಇನ್ನು ಜನ್ಮದಲ್ಲಿ ಬಿಸಿಯಾಗುವುದಿಲ್ಲ ಎಂದು ಹೇಳಿ ಕಳಿಸಿದರು. ನಡುವೆ ಯಾರೋ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಇಂಜಿನ್ನಿನ ಮೇಲ್ಭಾಗ) ಕೂಡ ಬಿಚ್ಚಿದ್ದರು. ಪ್ರತಿ ಸಲವೂ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ಕತೆ. ಭಾವ ಎಲ್ಲ ಕಡೆ ಹೇಳಿದ್ದು ಒಂದೇ ಮಾತು: ಹೀಟ್ ಆಗ್ತದೆ. ಕೇಳಿದವರು ತಮಗೆ ರೂಢಿಯಿದ್ದ ಜಾಗಕ್ಕೆ ಕೈ ಹಾಕಿದರು.

ಕೊನೆಗೆ ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ ತೆಗೆಯುವ ಮುಂಚೆ ಕೇಳಿದರು, 'ಕಾಯ್ತದಾ, ಕುದೀತದಾ, ಇಲ್ಲ ನೀರು ಕುಡೀತದಾ? ಎಂತ ಅಂತ ಸರಿ ಹೇಳಿ ಮಾರಾಯ್ರೆ.' ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಈ ಮೂರು ಕ್ರಿಯಾಪದಗಳು ಮೂರು ಬೇರೆ ಬೇರೆ ದೋಷಗಳು, ಅಲ್ವಾ?

ಕಾಯುವುದು ಅಂದರೆ ನೀರು ಇದ್ದಲ್ಲೇ ಇದೆ, ಮುಳ್ಳು ಮಾತ್ರ ಏರುತ್ತದೆ. ಇಂಜಿನ್ನಿನ ಬಿಸಿಯನ್ನು ಹೊರಗೆ ಸಾಗಿಸುವ ಕೆಲಸ ಎಲ್ಲೋ ಸೋತಿದೆ. ಇದರಲ್ಲೂ ಎರಡು ಬಗೆ. ಅಮೀರ್ ಅಹಮದ್ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನಿಂತಾಗ ಕಾದು, ಓಡಿದ ಕೂಡಲೇ ಇಳಿದರೆ ಫ್ಯಾನ್, ಅದರ ರಿಲೇ, ಸ್ವಿಚ್ಚು ನೋಡಬೇಕು; ಓಡುವಾಗ ಗಾಳಿ ತಾನಾಗಿ ಬರುತ್ತದೆ, ಫ್ಯಾನ್ ಬೇಕಾಗುವುದು ನಿಂತಾಗ. ನಿಂತಾಗ ಸರಿಯಿದ್ದು ಏರಿನಲ್ಲಿ ಕಾದರೆ ರೇಡಿಯೇಟರ್ ಕಟ್ಟಿರಬೇಕು, ಅಥವಾ ಪಂಪಿನ ರೆಕ್ಕೆ ಸವೆದು ನೀರು ಸಾಕಷ್ಟು ತಿರುಗುತ್ತಿಲ್ಲ. ನಮ್ಮ ಕಡೆ ಹೊರಗಿನಿಂದ ಕಟ್ಟುವುದೂ ಇದೆ. ಕೆಸರು, ಒಣಹುಲ್ಲು, ಹುಳ ಎಲ್ಲ ಸೇರಿ ಜಾಲರಿ ಮುಚ್ಚಿರುತ್ತದೆ. 'ನಿಂತು ಕಾಯುವುದು', 'ಏರಿನಲ್ಲಿ ಕಾಯುವುದು' ಎಂದು ಚೀಟಿಯಲ್ಲಿ ಬರೆದಿದ್ದೇನೆ. ನೀವು ಏನನ್ನುತ್ತೀರಿ?

ಕುದಿಯುವುದು ಬೇರೆ. ಇಂಜಿನ್ ಅಷ್ಟೇನೂ ಕಾಯದಿದ್ದರೂ ನೀರು ಕುದಿಯಬಹುದು. ರೇಡಿಯೇಟರಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದೆ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡವನ್ನು ಅದು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸತ್ತಿದ್ದರೆ 100ರ ಆಸುಪಾಸಿನಲ್ಲೇ ಕುದಿ. ಘಾಟಿಯ ಮೇಲೆ ನೀರು ಬೇಗ ಕುದಿಯುತ್ತದೆ ಎನ್ನುವವರಿದ್ದಾರೆ, ಸುಳ್ಳಲ್ಲ, ಆದರೆ ಆಗುಂಬೆಯ ಎತ್ತರಕ್ಕೆ ವ್ಯತ್ಯಾಸ ಬರುವುದು ಎರಡು ಡಿಗ್ರಿ ಅಷ್ಟೇ. ತಪ್ಪನ್ನು ಘಾಟಿಯ ಮೇಲೆ ಹೊರಿಸುವ ಮುಂಚೆ ಮುಚ್ಚಳ ನೋಡಿ. ಬಿಸಿ ಇರುವಾಗ ಮಾತ್ರ ತೆಗೆಯಬೇಡಿ, ಒಳಗಿನದೆಲ್ಲ ಮುಖಕ್ಕೆ ಹಾರುತ್ತದೆ.

ಇನ್ನು 'ನೀರು ಕುಡಿಯುವುದು'. ಈ ಮಾತು ನನಗೆ ತುಂಬ ಇಷ್ಟ. ಹೊರಗೆ ಒಂದು ಹನಿ ಸೋರಿಲ್ಲ, ನೆಲ ಒಣಗಿದೆ, ಆದರೂ ನೀರಿನ ಮಟ್ಟ ಇಳಿಯುತ್ತಲೇ ಇದೆ. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಸಂದಿ ಮುಚ್ಚುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಬಿಟ್ಟುಹೋಗಿ, ನೀರು ಸಿಲಿಂಡರಿಗೆ ಇಳಿದು ಬಿಳಿ ಹೊಗೆಯಾಗಿ ಹೋಗುತ್ತಿರುತ್ತದೆ. 'ಸೋರುವುದು' ಮತ್ತು 'ಕುಡಿಯುವುದು' ಎಂಬ ಎರಡು ಮಾತುಗಳಲ್ಲಿ ಅರ್ಧ ತಪಾಸಣೆ ಮುಗಿದೇ ಹೋಯಿತು. ನೀರು ಕಮ್ಮಿಯಾದಾಗ ಇನ್ನೊಂದು ಮೋಸವೂ ಇದೆ: ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಿಂದ ಹೊರಗೆ ಉಳಿದರೆ ಅದು ಸರಿಯಾದ ಬಿಸಿ ತೋರಿಸುವುದಿಲ್ಲ. ಮುಳ್ಳು ಕೆಳಗೇ ಇದ್ದು ಇಂಜಿನ್ ಸುಟ್ಟುಹೋಗುವುದು ಹೀಗೆ.

ಭಾವ ಈ ಮೂರರಲ್ಲಿ ಯಾವುದನ್ನೂ ಆರಿಸಲಿಲ್ಲ. 'ಉಕ್ತದೆ' ಎಂದ. ಯಾವಾಗ ಅಂತ ಕೇಳಿದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಪಕ್ಕದ ನೀರಿನ ಬಾಟಲಿಯಲ್ಲಿ ಗುಳುಗುಳು ಶುರು, ಮುಟ್ಟಿದರೆ ನೀರು ಇನ್ನೂ ಬೆಚ್ಚಗೂ ಆಗಿರುವುದಿಲ್ಲ ಎಂದ. ಮೆಕ್ಯಾನಿಕ್ ಮುಖ ಅಲ್ಲಿಗೇ ಬದಲಾಯಿತು. ಕುದಿಯದೆ ಉಕ್ಕುವುದು! ಹಾಗಾದರೆ ಅದು ಆವಿಯಲ್ಲ. ಸಿಲಿಂಡರಿನಲ್ಲಿ ಉರಿದ ಗ್ಯಾಸು ಗ್ಯಾಸ್ಕೆಟ್ ದಾಟಿ ನೀರಿನ ದಾರಿಗೆ ನುಗ್ಗಿ ನೀರನ್ನು ಹೊರಗೆ ತಳ್ಳುತ್ತಿದೆ. ಘಾಟಿಯಲ್ಲಿ ಆಕ್ಸಿಲರೇಟರ್ ಜಾಸ್ತಿ ತುಳಿದಾಗ ಸಿಲಿಂಡರಿನ ಒತ್ತಡ ಏರುತ್ತದೆ, ಸಣ್ಣ ಸಂದಿಯೂ ಆಗ ಜಾಸ್ತಿ ಬಿಡುತ್ತದೆ, ಬಯಲು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಹೋಸ್ ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಅದೂ ಇದೇ ಗುರುತು. ಖಾತ್ರಿ ಮಾಡಿಕೊಳ್ಳಲು ಒಂದು ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಂದ ಏಳುವ ಗಾಳಿಯನ್ನು ಅದರ ಮೂಲಕ ಎಳೆದರೆ, ಉರಿದ ಗ್ಯಾಸು ಇದ್ದಲ್ಲಿ ಪೆಟ್ರೋಲ್ ಗಾಡಿಯಲ್ಲಿ ಅದು ಹಳದಿಗೆ ತಿರುಗುತ್ತದೆ. ತಿರುಗಿತು.

ಆದರೆ ಹೆಡ್ ಆಗಲೇ ಬಿಚ್ಚಿದ್ದರಲ್ಲ? ನನ್ನ ತಕರಾರು ಇರುವುದು ಈ ಜಾಗದಲ್ಲಿ. ಹಳೆಯ ಬಿಲ್ಲಿನಲ್ಲಿ ಇದ್ದದ್ದು 'ಹೆಡ್ ಕೆಲಸ' ಎಂಬ ಎರಡೇ ಪದ. ಆಮೇಲೆ ಸಿಕ್ಕಿದ ಮೆಕ್ಯಾನಿಕ್‌ಗಳೆಲ್ಲ ಅದನ್ನು ನೋಡಿ, ಹೆಡ್ ಆಗಿದೆ ಹಾಗಾದರೆ ಅಲ್ಲಿ ಏನೂ ಇಲ್ಲ ಎಂದು ಮುಂದೆ ಹೋದರು. ನಿಜಕ್ಕೂ ಆಗಿದ್ದು ಪ್ಯಾಕಿಂಗ್ ಬದಲಾವಣೆ ಮಾತ್ರ. ಫೇಸಿಂಗ್ ಆಗಿರಲಿಲ್ಲ. ಗೊತ್ತಿಲ್ಲದವರಿಗೆ: ಗ್ಯಾಸ್ಕೆಟ್‌ಗೆ ಗ್ಯಾರೇಜಿನ ಮಾತು ಪ್ಯಾಕಿಂಗ್. ಸೊಟ್ಟಗಾದ ಹೆಡ್ಡಿನ ತಳವನ್ನು ವರ್ಕ್‌ಶಾಪಿನಲ್ಲಿ ಸಮತಟ್ಟು ಮಾಡಿಸುವುದು ಫೇಸಿಂಗ್. ಆ ಕಾರಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಒಮ್ಮೆ ಚೆನ್ನಾಗಿ ಕಾದ ಮೇಲೆ ಅದು ಬಾಗುವುದು ದೊಡ್ಡ ವಿಷಯವಲ್ಲ, ಅದರ ಮೇಲೆ ಘಾಟಿಯ ಝರಿಯ ತಣ್ಣೀರು ಸುರಿದರಂತೂ ಕೇಳುವುದೇ ಬೇಡ. ಎಷ್ಟೋ ಸಣ್ಣ ಕಾರುಗಳಿಗೆ ಒಪ್ಪುವ ಬಾಗು 0.05 ಮಿಲಿಮೀಟರ್ ಮಾತ್ರ. ಕಣ್ಣಿಗೆ ಕಾಣುವಂಥದ್ದಲ್ಲ. ನೇರ ಪಟ್ಟಿ ಇಟ್ಟು, ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿಯೇ ನೋಡಬೇಕು. ಬಾಗಿದ ಹೆಡ್ಡಿಗೆ ಹೊಸ ಪ್ಯಾಕಿಂಗ್ ಹಾಕಿದರೆ ಕೆಲವು ದಿನ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಫೇಸಿಂಗ್ ಆದ ಮೇಲೆ ಭಾವ ಘಾಟಿ ಹತ್ತಿಸಿದ, ಮುಳ್ಳು ನಡುವೆಯೇ ನಿಂತಿತು. ಕಿತ್ತುಹಾಕಿದ್ದ ಥರ್ಮೋಸ್ಟ್ಯಾಟನ್ನೂ ಮತ್ತೆ ಹಾಕಿಸಿದರು. ಅದಿಲ್ಲದಿದ್ದರೆ ಇಂಜಿನ್ ಹದವಾದ ಬಿಸಿಗೆ ಬರುವುದೇ ತಡ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. (ಇಲ್ಲೂ ಕುಡಿಯುವುದೇ, ನೋಡಿ.)

ಹಾಗಾಗಿ ಚೀಟಿಯಲ್ಲಿ 'ಹೆಡ್ ಕೆಲಸ' ಅನ್ನುವ ಮಾತನ್ನು ಬಿಟ್ಟುಬಿಡೋಣ ಅಂತಿದ್ದೇನೆ. ಪ್ಯಾಕಿಂಗ್ ಆಯಿತೋ, ಫೇಸಿಂಗ್ ಆಯಿತೋ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ ಎಂದು ಹಾಕುತ್ತೇನೆ.

ಇನ್ನೊಂದು ಉಪದ್ರವ 'ಕೂಲೆಂಟ್ ಆಯಿಲ್'. ಅಂಗಡಿಯಲ್ಲೂ ಹೀಗೇ ಕೇಳುತ್ತಾರೆ. ಅದು ಆಯಿಲ್ ಅಲ್ಲವೇ ಅಲ್ಲ, ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್, ನೀರಿಗೆ ಬೆರೆಸುವಂಥದ್ದು. ಸುಮ್ನೆ ಪದದ ಮಡಿ ಮಾಡುತ್ತಿಲ್ಲ. 'ಆಯಿಲ್ ಕಮ್ಮಿ ಆಗ್ತಿದೆ' ಎಂದು ಗಿರಾಕಿ ಹೇಳಿದಾಗ ಅದು ಇಂಜಿನ್ ಆಯಿಲ್ಲೋ ಕೂಲೆಂಟೋ ಎಂಬುದರ ಮೇಲೆ ಇಡೀ ತಪಾಸಣೆ ನಿಂತಿರುತ್ತದೆ. ಆಯಿಲ್ಲಿಗೆ ನೀರು ಸೇರಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುವುದು ಗ್ಯಾಸ್ಕೆಟ್ ಹೋದದ್ದರ ಇನ್ನೊಂದು ಗುರುತು. ಎರಡಕ್ಕೂ ಆಯಿಲ್ ಎಂದರೆ ಅದನ್ನು ಹೇಳುವುದಾದರೂ ಹೇಗೆ? 'ಇಂಜಿನ್ ನೀರು' ಎಂದು ಬರೆದರೆ ಜನ ನಲ್ಲಿ ನೀರು ಸುರಿದಾರು ಅನ್ನುವ ಹೆದರಿಕೆ. 'ಕೂಲೆಂಟ್' ಎಂದಷ್ಟೇ ಇಟ್ಟಿದ್ದೇನೆ.

ಈಗ ವ್ಯಾಕರಣದವರಿಗೆ ಒಂದು. 'ಕಾಯು'ವಿಗೆ ಬಿಸಿಯಾಗು, ಎದುರು ನೋಡು ಎಂಬ ಎರಡೂ ಅರ್ಥ ಇದೆ. 'ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿ ಕಾಯ್ತಿದೆ' ಎಂದರೆ ಓಡಿ ಹೋಗಿ ಹತ್ತಬೇಕೋ, ನೀರು ತರಬೇಕೋ? ಮಾತಿನಲ್ಲಿ ಸಂದರ್ಭದಿಂದ ತಿಳಿಯುತ್ತದೆ, ಬರಹದಲ್ಲಿ ಎಡವುತ್ತದೆ. ನಮ್ಮ ಮನೆಗಳಲ್ಲಿ ಬಚ್ಚಲ ಹಂಡೆಯ ನೀರು ಕಾಯುವುದು, ಕಾವಲಿ ಕಾಯುವುದು, ಜ್ವರದಲ್ಲಿ ಮೈ ಕಾಯುವುದು ಎಲ್ಲ ಇನ್ನೂ ಬಳಕೆಯಲ್ಲಿದೆ, ಹಾಗಾಗಿ ಇಂಜಿನ್ ಕಾಯುವುದೂ ನಮಗೆ ಸಹಜ. ಬಯಲುಸೀಮೆಯವರಿಗೆ, ಬೆಂಗಳೂರಿನವರಿಗೆ ಹೇಗೆ ಕೇಳಿಸುತ್ತದೆ? 'ಇಂಜಿನ್ ಕಾದುಹೋಗಿದೆ' ಎಂದರೆ ಒಪ್ಪುತ್ತೀರಾ, ಇಲ್ಲ 'ಬಿಸಿಯಾಗಿದೆ' ಎಂದೇ ಬೇಕಾ? ನನಗೆ 'ಬಿಸಿ' ಸಾಲದು. ಓಡಿದ ಇಂಜಿನ್ ಯಾವಾಗಲೂ ಬಿಸಿಯೇ. ಥರ್ಮೋಸ್ಟ್ಯಾಟ್ ತೆರೆಯುವುದೇ ಹೆಚ್ಚಿನ ಗಾಡಿಗಳಲ್ಲಿ 82ರಿಂದ 88 ಡಿಗ್ರಿ ಸುಮಾರಿಗೆ.

ಇಂಜಿನ್ ಪೂರ್ತಿ ನಿಂತುಹೋದರೆ ನಮ್ಮಲ್ಲಿ 'ಸೀಜ್ ಆಯ್ತು' ಅಥವಾ 'ಹಿಡ್ಕೊಂಡಿತು'. ಅದಕ್ಕೆ ಬೇರೆ ಪದ ಬೇಕಿಲ್ಲ.

ನನಗೆ ಮುಖ್ಯವಾಗಿ ಬೇಕಾಗಿರುವುದು ಕುದಿಯದೆ ಉಕ್ಕುವುದಕ್ಕೆ ಒಂದೇ ಮಾತು. ಹಿರಿಯ ಮೆಕ್ಯಾನಿಕ್ ಅದಕ್ಕೆ 'ಗ್ಯಾಸ್ ಹೊಡೀತದೆ' ಎಂದರು, ಆದರೆ ಈಗ ಗ್ಯಾಸ್‌ನಲ್ಲಿ ಓಡುವ ಗಾಡಿಗಳೇ ಇರುವಾಗ ಅದೂ ಗೊಂದಲ. ಹುಬ್ಬಳ್ಳಿ, ಮಂಗಳೂರು, ಮೈಸೂರು ಕಡೆ ಲಾರಿ, ಬಸ್ಸಿನವರ ಬಾಯಲ್ಲಿ ಏನಾದರೂ ಇದ್ದರೆ ಹಾಗೆಯೇ, ಅವರು ಹೇಳಿದ ಉಚ್ಚಾರದಲ್ಲೇ ಬರೆಯಿರಿ.