ಟೀಚರನ್ನು ಕೇಳಿ: ಬಿಡಿ, ಹತ್ತು, ನೂರು (ಪೋಷಕರ ಗುಂಪು, ರಾಯಚೂರು)

ದೇವದುರ್ಗದ ತಂದೆ: ನಮಸ್ಕಾರ ಮೇಡಂ. ಎರಡನೇ ತರಗತಿಯ ಮಗ ನೂರಾ ಐದು ಎಂದರೆ 1005 ಎಂದು ಬರೆಯುತ್ತಾನೆ.

ನಿವೃತ್ತ ಶಿಕ್ಷಕಿ: ನಮಸ್ಕಾರ. ಕೇಳಿದ್ದನ್ನು ಕೇಳಿದಂತೆ ಬರೆಯುತ್ತಿದ್ದಾನೆ: ಮೊದಲು ನೂರು, ಆಮೇಲೆ ಐದು. ಒಂದು ಚೀಟಿಯಲ್ಲಿ 100, ಚಿಕ್ಕ ಚೀಟಿಯಲ್ಲಿ 5 ಬರೆಯಿರಿ. ಕೊನೆಯ ಸೊನ್ನೆಯನ್ನು 5ರಿಂದ ಮುಚ್ಚಿಸಿ. ನಡುವಿನ ಸೊನ್ನೆ ಏಕೆ ಉಳಿಯಿತು ಎಂದು ಅವನನ್ನೇ ಕೇಳಿ.

ರಾಯಚೂರಿನ ತಾಯಿ: ಮಗಳು ಕನ್ನಡ ಶಾಲೆಯಲ್ಲಿ 29 ಸರಿಯಾಗಿ ಬರೆಯುತ್ತಾಳೆ. ಮನೆಯಲ್ಲಿ ನಾನು ಹೇಳಿದರೆ 39. ಗಮನವಿಲ್ಲ ಎಂದು ಅವರಪ್ಪ ಗದರುತ್ತಾರೆ.

ಶಿಕ್ಷಕಿ: ಮನೆಯಲ್ಲಿ ಯಾವ ಭಾಷೆಯಲ್ಲಿ ಹೇಳುತ್ತೀರಿ?

ರಾಯಚೂರಿನ ತಾಯಿ: ಉರ್ದು.

ಶಿಕ್ಷಕಿ: ಹಾಗಾದರೆ ದಯವಿಟ್ಟು ಗದರಬೇಡಿ. ಉಂತೀಸ್ ಎಂದರೆ ‘ತೀಸ್‌ಗೆ ಒಂದು ಕಡಿಮೆ’. ಮಗುವಿನ ಕಿವಿಗೆ ತೀಸ್ ಬಿತ್ತು, ಕೈ ಮೂವತ್ತಕ್ಕೆ ಹೋಯಿತು. ಇಪ್ಪತ್ತೊಂಬತ್ತು ಎಂದಾಗ ಇಪ್ಪತ್ತೇ ಮೊದಲು ಕೇಳಿಸುತ್ತದೆ, ಆದ್ದರಿಂದ ಶಾಲೆಯಲ್ಲಿ ತಪ್ಪಿಲ್ಲ. ತೊಗರಿ ಕಡ್ಡಿಗಳನ್ನು ಹತ್ತತ್ತರಂತೆ ದಾರದಿಂದ ಕಟ್ಟಿಸಿ. ಎರಡು ಕಟ್ಟು, ಒಂಬತ್ತು ಬಿಡಿ ಇಟ್ಟು ಎರಡೂ ಭಾಷೆಯಲ್ಲಿ ಹೇಳಿಸಿ. ಇನ್ನೊಂದು ಕಡ್ಡಿ ಕೊಡಿ. ಮೂರನೇ ಕಟ್ಟನ್ನು ಅವಳೇ ಕಟ್ಟಲಿ. ತೀಸ್ ಆಯಿತು. ಬಿಚ್ಚಿ ಒಂದು ತೆಗೆದರೆ ಉಂತೀಸ್. ಅಂಕಿ ಬರೆಸುವುದು ಆಮೇಲೆ. ತೇಈಸ್ ಅಂದರೆ 23, ಅದಕ್ಕೆ 32 ಬರೆಯುತ್ತಾಳೆಯೇ, ಅದನ್ನೂ ನೋಡಿ ತಿಳಿಸಿ. ಅಲ್ಲಿ ಮೂರು ಮೊದಲು ಕೇಳಿಸುತ್ತದೆ.

ಮಸ್ಕಿಯ ಸದಸ್ಯ: ಫಾರ್ವರ್ಡ್: ನೆನೆಸಿದ ಬಾದಾಮಿ, ಬೆರಳಿನ ಅಬ್ಯಾಕಸ್, 7 ದಿನದಲ್ಲಿ ಗಣಿತ!

ಶಿಕ್ಷಕಿ: ಇದು ಈ ತಿಂಗಳು ನಾಲ್ಕನೇ ಸಲ. ಕಟ್ಟು ಬಿಚ್ಚಲು ಬಾರದ ಮಗುವಿಗೆ ಬೆರಳಿನ ಜಾದು ಬೇಡ. ಬಾದಾಮಿಯನ್ನು ಹತ್ತರ ಗುಂಪು ಮಾಡಿಸಿ, ಆಮೇಲೆ ತಿನ್ನಲಿ.

ಲಿಂಗಸುಗೂರಿನ ಸದಸ್ಯ: ಮನೆಯಲ್ಲೂ ಕನ್ನಡ ಮಾತನಾಡಿದರೆ ಈ ತಾಪತ್ರಯವೇ ಇಲ್ಲ.

ಸಿಂಧನೂರಿನ ಸದಸ್ಯ: ಅಣ್ಣಾ, ನಮ್ಮ ಕ್ಯಾಂಪಿನಲ್ಲಿ ತೆಲುಗು. ಇರವೈ ತೊಮ್ಮಿದಿ, ಅಲ್ಲೂ ಇಪ್ಪತ್ತೇ ಮೊದಲು. ನಮ್ಮ ಹುಡುಗರು ತಪ್ಪುವುದಿಲ್ಲ.

ಲಿಂಗಸುಗೂರಿನ ಸದಸ್ಯ: ನಿಮ್ಮನ್ನು ಯಾರು ಕೇಳಿದರು?

ರಾಯಚೂರಿನ ತಾಯಿ: ನಾನು ಕೇಳಿದ್ದು ಮಗಳ ಲೆಕ್ಕ. ಮನೆಮಾತಿನ ಪಂಚಾಯಿತಿ ಅಲ್ಲ.

ಸಿರವಾರದ ತಾಯಿ: ಮೇಡಂ, ಲಕ್ಷ ಯಾವಾಗ ಕಲಿಸಬೇಕು?

ಮಾನ್ವಿಯ ತಂದೆ: ನನ್ನ ಮಗನೂ 105ಕ್ಕೆ 1005 ಬರೆಯುತ್ತಾನೆ.

ಶಿಕ್ಷಕಿ: ಮೇಲೆ ಓದಿ.

ಮಾನ್ವಿಯ ತಂದೆ: ಓದಿದೆ. ಆ ಚೀಟಿ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಶಿಕ್ಷಕಿ: ಹಳೆಯ ಲಗ್ನಪತ್ರಿಕೆ ಕತ್ತರಿಸಿ.

ರಾಯಚೂರಿನ ತಾಯಿ: ಮೇಡಂ, ಕಟ್ಟು ಕಟ್ಟಿದೆವು. 79ರವರೆಗೆ ‘ಒಂದು ಕಡಿಮೆ’ ಸರಿ ಬಂತು. ನವಾಸಿ ಮಾತ್ರ ಏಕೆ ‘ತೊಂಬತ್ತಕ್ಕೆ ಒಂದು ಕಡಿಮೆ’ ಅಲ್ಲ ಎಂದು ಮಗಳು ಕೇಳುತ್ತಿದ್ದಾಳೆ.

ಶಿಕ್ಷಕಿ: ಶಭಾಷ್! 89, 99 ಎರಡೂ ಆ ಸಾಲು ಮುರಿಯುತ್ತವೆ. ಈಗ ಅವರಪ್ಪನನ್ನು ಕೂರಿಸಿ, ಉಕ್ತಲೇಖನ ಅವಳೇ ಕೊಡಲಿ.

ಮಾನ್ವಿಯ ತಂದೆ: ಲಗ್ನಪತ್ರಿಕೆ ದಪ್ಪವಿದೆ. ಪರವಾಗಿಲ್ಲವೇ?