ಮುಳುಗು ಕವಚ: ಡಬ್ಬಿ 1715ಕ್ಕೇ ಆಯ್ತು, ಮೊಣಕೈಗೆ ಇನ್ನೂರು ವರ್ಷ ಯಾಕೆ?

ಉಡುಪಿ_ಮಾಷ್ಟ್ರು:
ನಮಸ್ಕಾರ. ಹೈಸ್ಕೂಲು ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಆಳಸಮುದ್ರದ ಲೋಹದ ಮುಳುಗು ಕವಚದ ವಿಷಯ ಆರಿಸಿದ್ದೇವೆ. ಸ್ಕೂಬಾ ಅಲ್ಲ. ಹೊರಗೆ ಎಷ್ಟೇ ಒತ್ತಡ ಇರಲಿ, ಒಳಗಿನ ಮನುಷ್ಯ ನೆಲದ ಮೇಲಿನ ಗಾಳಿಯ ಒತ್ತಡದಲ್ಲೇ ಇರುವ ಕವಚ. ಇಂಗ್ಲೆಂಡಿನ ಜಾನ್ ಲೆತ್‌ಬ್ರಿಜ್ 1715ರಲ್ಲೇ ಮರದ ಪೀಪಾಯಿಯೊಳಗೆ ಮಲಗಿ ಇಳಿದಿದ್ದರು. ಆದರೆ ಆಳದಲ್ಲಿ ಕೈಕಾಲು ಸಲೀಸಾಗಿ ಆಡುವ ಕವಚ ಬಂದದ್ದು 1930ಕ್ಕೆ. ನಡುವೆ ಇಷ್ಟು ವರ್ಷ ಹಿಡಿದದ್ದು ಯಾಕೆ? ಗಟ್ಟಿ ಲೋಹ ಇಲ್ಲದ್ದಕ್ಕಾ, ಬೇರೆ ಕಾರಣ ಉಂಟಾ? ಎರಡನೆಯದಾಗಿ, ಆ ಕಾರಣವನ್ನು ಮಕ್ಕಳು ಕೈಯಲ್ಲೇ ತಿರುಗಿಸಿ ನೋಡುವ ಹಾಗೆ, ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದ ಏನಾದರೂ ಮಾಡಬಹುದಾ?

ದಕ್ಕೆ_ಫಿಟ್ಟರ್:
ಮಾಷ್ಟ್ರೆ, ಮೀನುಗಾರಿಕೆ ಬೋಟಿನ ಶಾಫ್ಟು ಹೊರಗೆ ಹೋಗುವಲ್ಲಿ ಗ್ಲ್ಯಾಂಡ್ ಉಂಟಲ್ಲ, ಶಾಫ್ಟಿನ ಸುತ್ತ ಪ್ಯಾಕಿಂಗ್ ತುರುಕಿ ನೀರು ತಡೆಯುವ ಜಾಗ, ಅಲ್ಲಿಂದ ಶುರು ಮಾಡಿ. ಪ್ಯಾಕಿಂಗ್ ಬಿಗಿ ಮಾಡಿದರೆ ಶಾಫ್ಟು ಬಿಸಿಯಾಗಿ ಹಿಡಿಯುತ್ತದೆ, ಸಡಿಲ ಬಿಟ್ಟರೆ ನೀರು ಬರುತ್ತದೆ. ಹಾಗಾಗಿ ಹನಿ ಹನಿ ಬೀಳುವಷ್ಟು ಬಿಟ್ಟಿರುತ್ತಾರೆ. ಅಲ್ಲಿ ಇರುವುದು ಒಂದೆರಡು ಮೀಟರ್ ನೀರಿನ ಒತ್ತಡ ಮಾತ್ರ. ಅದೇ ಗ್ಲ್ಯಾಂಡ್ 300 ಮೀಟರ್ ಆಳದಲ್ಲಿ ಇದ್ದರೆ ಏನಾದೀತು ಎಂದು ನೋಡಿ.

ಪ್ರತಿ 10 ಮೀಟರಿಗೆ ಒತ್ತಡ ಹೆಚ್ಚುಕಡಿಮೆ 1 ಬಾರ್, ಅಂದರೆ ನೆಲದ ಮೇಲಿನ ಗಾಳಿಯ ಒತ್ತಡದಷ್ಟು, ಏರುತ್ತದೆ. 300 ಮೀಟರಿನಲ್ಲಿ ಒಳಗಿಗಿಂತ ಹೊರಗೆ 30 ಬಾರ್ ಹೆಚ್ಚು, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 30 ಕೆ.ಜಿ. ಅದನ್ನು ತಡೆಯುವ ಡಬ್ಬಿ ಎರಕ ಹೊಯ್ಯುವುದು ಹತ್ತೊಂಬತ್ತನೇ ಶತಮಾನದ ಫೌಂಡ್ರಿಗೂ ಆಗದ ಕೆಲಸವಲ್ಲ. ಕೆಟ್ಟದ್ದೆಲ್ಲ ಕೀಲಿನಲ್ಲಿ.

ಕೀಲು ಎರಡು ರೀತಿಯಲ್ಲಿ ಕೈಕೊಡುತ್ತದೆ. ಒಂದು, ಘರ್ಷಣೆ. 20 ಸೆಂ.ಮೀ. ವ್ಯಾಸದ ಗುಂಡು-ಬಟ್ಟಲು ಕೀಲು ತೆಗೆದುಕೊಳ್ಳಿ. ಅಡ್ಡಕೊಯ್ತ 314 ಚದರ ಸೆಂ.ಮೀ., ಹಾಗಾಗಿ ಸಮುದ್ರ ಗುಂಡನ್ನು ಬಟ್ಟಲಿಗೆ ಒತ್ತುವುದು ಸುಮಾರು 9,400 ಕೆ.ಜಿ. ಬಲದಿಂದ. ಲೋಹಕ್ಕೆ ಲೋಹ ಉಜ್ಜುವಾಗ ಘರ್ಷಣೆ ಹತ್ತರಲ್ಲಿ ಒಂದು ಪಾಲು ಎಂದರೂ 940 ಕೆ.ಜಿ. ಅದನ್ನು ಕೀಲಿನಿಂದ 30 ಸೆಂ.ಮೀ. ದೂರದ ಕೈಯಿಂದ ತಿರುಗಿಸಲು 300 ಕೆ.ಜಿ.ಗಿಂತ ಹೆಚ್ಚು ಬಲ ಬೇಕು. ಸ್ಥೂಲ ಲೆಕ್ಕವೇ, ಆದರೆ ಕೈ ಆಡುವುದಿಲ್ಲ ಎಂದು ತಿಳಿಯಲು ಸಾಕು.

ಎರಡನೆಯದು ಘನಗಾತ್ರ. ಇದನ್ನೇ ಹೆಚ್ಚಿನವರು ಮರೆಯುವುದು. ಕೈ ಮಡಚಿದಾಗ ಕವಚದ ಒಳಗಿನ ಜಾಗ 100 ಸಿ.ಸಿ. ಕಡಿಮೆಯಾಯಿತು ಅಂತಿಟ್ಟುಕೊಳ್ಳಿ. ಮತ್ತೆ ಚಾಚಬೇಕಾದರೆ ಅಷ್ಟು ನೀರನ್ನು 30 ಬಾರ್ ಎದುರು ಹೊರಗೆ ದೂಡಬೇಕು: 300 ಜೂಲ್ ಕೆಲಸ. 25 ಕೆ.ಜಿ. ಅಕ್ಕಿ ಚೀಲವನ್ನು ನೆಲದಿಂದ 1.2 ಮೀಟರ್ ಎತ್ತಿದ ಹಾಗೆ, ಅದೂ ಪ್ರತಿ ಸಲ ಕೈ ಚಾಚುವಾಗ. ಇಂಥ ಕೀಲನ್ನು ನೀರೇ ಒತ್ತಿ ಅತಿ ಕಡಿಮೆ ಜಾಗದ ಭಂಗಿಗೆ ತಂದು ಅಲ್ಲೇ ನಿಲ್ಲಿಸಿಬಿಡುತ್ತದೆ. ಚರ್ಮದ ಮಡಿಕೆ, ಬೆಲ್ಲೋಸ್ (ತಿದಿಯಂತೆ ಮಡಿಯುವ ಕೊಳವೆ) ಹಾಕಿದ ನಮೂನೆಗಳೆಲ್ಲ ಎಡವಿದ್ದು ಇಲ್ಲಿ. ಆದ್ದರಿಂದ ಬೇಕಾದ್ದು ಯಾವ ಭಂಗಿಯಲ್ಲೂ ಒಳಜಾಗ ಬದಲಾಗದ, ಒತ್ತಡ ಏರಿದರೂ ಉಜ್ಜದ, ಸೋರದ ಕೀಲು. ಮೂರೂ ಒಟ್ಟಿಗೆ ಬೇಕು.

ಪಣಂಬೂರು_ಕಡಲು:
ಮೇಲಿನ ಲೆಕ್ಕ ಸರಿ ಉಂಟು. ಇತಿಹಾಸವನ್ನೂ ಆ ಮೂರು ಷರತ್ತಿನ ಮೇಲೇ ಓದಬೇಕು, ಯಾರು ಎಷ್ಟು ಆಳ ಇಳಿದರು ಎಂಬ ಪಟ್ಟಿಯಾಗಿ ಅಲ್ಲ.

ಲೆತ್‌ಬ್ರಿಜ್ ಕೀಲಿನ ಸಮಸ್ಯೆಯನ್ನು ಮುಟ್ಟಲೇ ಇಲ್ಲ. ಸುಮಾರು 6 ಅಡಿ ಉದ್ದದ ಪೀಪಾಯಿ, ತಲೆಯ ಕಡೆ ಎರಡೂವರೆ ಅಡಿ, ಕಾಲ ಕಡೆ ಒಂದೂವರೆ ಅಡಿ ವ್ಯಾಸ. ಎರಡು ತೂತಿನಿಂದ ಬರಿಗೈ ಹೊರಗೆ, ತೋಳಿಗೆ ಚರ್ಮದ ಪಟ್ಟಿ. 10 ಫ್ಯಾದಮ್, ಅಂದರೆ 18 ಮೀಟರ್ ತನಕ ಕೆಲಸ ಮಾಡಿದರು. 12 ಫ್ಯಾದಮ್ ಬಹಳ ಕಷ್ಟದಲ್ಲಿ. ಕಾರಣ, ಮೈ 1 ಬಾರ್‌ನಲ್ಲಿ, ಕೈ ಮಾತ್ರ ಸುಮಾರು 3 ಬಾರ್‌ನಲ್ಲಿ. ಪಟ್ಟಿ ಬಿಗಿ ಮಾಡಿದರೆ ರಕ್ತ ಓಡುವುದಿಲ್ಲ, ಸಡಿಲಿಸಿದರೆ ನೀರು. ಫಿಟ್ಟರಣ್ಣ ಹೇಳಿದ ಗ್ಲ್ಯಾಂಡಿನ ಕಥೆಯೇ.

1838ರಲ್ಲಿ ಡಬ್ಲ್ಯು. ಎಚ್. ಟೇಲರ್, 1856ರಲ್ಲಿ ಅಮೆರಿಕದ ಲಾಡ್ನರ್ ಫಿಲಿಪ್ಸ್ ಕೀಲಿರುವ ಕವಚದ ನಕ್ಷೆ ಮಾಡಿದರು. 1882ರಲ್ಲಿ ಫ್ರಾನ್ಸಿನ ಮಾರ್ಸೆಯ ಕಾರ್ಮನ್ಯೋಲ್ ಸಹೋದರರು ಮನುಷ್ಯಾಕಾರದ ಕವಚವನ್ನೇ ಕಟ್ಟಿದರು: 380 ಕೆ.ಜಿ., 22 ಕೀಲು, ಹೆಲ್ಮೆಟ್ಟಿಗೆ 25 ಪುಟ್ಟ ಗಾಜು. ನೋಡಲು ಬಹಳ ಚಂದ. ಕೀಲು ಮಾತ್ರ ಪೂರ್ತಿ ನೀರು ತಡೆಯಲಿಲ್ಲ. ಜರ್ಮನಿಯ ಕೀಲ್ ನಗರದ ನಾಯ್‌ಫೆಲ್ಟ್ ಮತ್ತು ಕೂನ್‌ಕೆ ಕಂಪನಿಯ ಗುಂಡು-ಬಟ್ಟಲು ಕೀಲಿನ ಕವಚವನ್ನು 1924ರಲ್ಲಿ ಸುಮಾರು 160 ಮೀಟರ್ ಆಳಕ್ಕೆ ಇಳಿಸಿ ನೋಡಿದರು. ಇಳಿಯಿತು, ಆದರೆ ಕೈಕಾಲು ಆಡಿಸುವುದು ತುಂಬ ಕಷ್ಟವಾಯಿತು. 9,400 ಕೆ.ಜಿ.ಯ ಲೆಕ್ಕ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಮಕ್ಕಳಿಗೆ ಹೇಳಲೇಬೇಕಾದ್ದು ‘ಈಜಿಪ್ಟ್’ ಹಡಗಿನ ವಿಷಯ. ಲಂಡನ್ನಿನಿಂದ ನಮ್ಮ ಬೊಂಬಾಯಿಗೆ ಚಿನ್ನ, ಬೆಳ್ಳಿ ಹೊತ್ತು ಹೊರಟ ಹಡಗು. 1922ರ ಮೇ 20ರಂದು ಮಂಜಿನಲ್ಲಿ ಫ್ರೆಂಚ್ ಹಡಗೊಂದು ಢಿಕ್ಕಿಯಾಗಿ ಫ್ರಾನ್ಸಿನ ಕರಾವಳಿಯಾಚೆ ಸುಮಾರು 130 ಮೀಟರ್ ಆಳಕ್ಕೆ ಹೋಯಿತು. ಆ ಆಳದಲ್ಲಿ ಕೆಲಸ ಮಾಡುವ ಡೈವರ್ ಅಂದು ಇರಲಿಲ್ಲ. ಇಟಲಿಯ ‘ಆರ್ಟಿಲ್ಯೊ’ ಹಡಗಿನವರು ಜರ್ಮನ್ ಕವಚ ತಂದರು. ಆದರೆ ಕೊನೆಗೆ ಹೆಚ್ಚು ನಂಬಿದ್ದು ಕೈಕಾಲೇ ಇಲ್ಲದ, ಗಾಜಿನ ಕಿಟಕಿಯ ಬರೀ ಉಕ್ಕಿನ ಕೊಳವೆಯನ್ನು. ಒಳಗೆ ನಿಂತವನು ಫೋನಿನಲ್ಲಿ ‘ಎಡಕ್ಕೆ, ಕೆಳಗೆ’ ಎಂದು ಹೇಳುವುದು, ಮೇಲಿನವರು ಕಬ್ಬಿಣದ ಕೊಕ್ಕೆಬುಟ್ಟಿ ಇಳಿಸಿ ಹೆಕ್ಕುವುದು. ಹಾಗೆಯೇ 1932ರಲ್ಲಿ ಚಿನ್ನ ಮೇಲೆ ಬಂತು. ಕೀಲು ಸರಿಯಿಲ್ಲದ ಕೈಗಿಂತ ಕೈ ಇಲ್ಲದಿರುವುದೇ ವಾಸಿ ಎಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು.

ಅದೇ ‘ಈಜಿಪ್ಟ್’ ಕೆಲಸಕ್ಕೆ 1923ರಲ್ಲಿ ಇಂಥ ಕವಚ ಮಾಡುತ್ತಿದ್ದ ಬ್ರಿಟಿಷ್ ಎಂಜಿನಿಯರ್ ಜೋಸೆಫ್ ಪೆರೆಸ್ ಅವರನ್ನು ಕೇಳಿದ್ದರು. ತಮ್ಮ ಉಕ್ಕಿನ ನಮೂನೆ ತೀರ ಭಾರ ಎಂದು ಅವರು ಒಪ್ಪಲಿಲ್ಲ. ಆಮೇಲೆ ಉಕ್ಕು ಬಿಟ್ಟು ಎರಕದ ಮೆಗ್ನೀಸಿಯಂ ಹಿಡಿದರು. ಕೀಲಿನಲ್ಲಿ ಲೋಹದ ಮೇಲೆ ಲೋಹ ಕೂರದಂತೆ ನಡುವೆ ಎಣ್ಣೆಯನ್ನು ಬಂಧಿಸಿಟ್ಟರು. ಎಣ್ಣೆ ಕುಗ್ಗುವುದಿಲ್ಲ, ಆದರೆ ಸರಿದಾಡುತ್ತದೆ. ಸಮುದ್ರದ ಭಾರ ಎಣ್ಣೆಯ ಮೇಲೆ ಬೀಳುತ್ತದೆ, ಘರ್ಷಣೆ ಬೀಳುವುದಿಲ್ಲ. ಇದೇ ‘ಟ್ರೈಟೋನಿಯಾ’. 1930ರ ಸೆಪ್ಟೆಂಬರಿನಲ್ಲಿ ಅವರ ಸಹಾಯಕ ಜಿಮ್ ಜ್ಯಾರೆಟ್ ಸ್ಕಾಟ್ಲೆಂಡಿನ ಲಾಕ್ ನೆಸ್‌ನಲ್ಲಿ 123 ಮೀಟರ್ ಇಳಿದಾಗ ಕೀಲುಗಳು ಸಲೀಸಾಗಿ ಆಡಿದವು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಅದು. ಅಷ್ಟಾದರೂ ಬ್ರಿಟಿಷ್ ನೌಕಾಪಡೆ ಅಷ್ಟು ಆಳ ನಮಗೆ ಬೇಡ ಎಂದಿತು, ಕವಚ ಮೂಲೆ ಸೇರಿತು. ಅಂಥ ಕೆಲಸ ಮೂವತ್ತು ವರ್ಷ ಧೂಳು ಹಿಡಿದದ್ದು ಬೇಸರದ ಸಂಗತಿ.

ಆಳದ ತೈಲಬಾವಿಗಳು ಬಂದ ಮೇಲೆ ಅದನ್ನೇ ಹುಡುಕಿ ತೆಗೆದು, ಅದರ ಜಾಡಿನಲ್ಲಿ 1971ರಲ್ಲಿ ಹೊಸದು ಮಾಡಿದರು. ಜ್ಯಾರೆಟ್ ನೆನಪಿಗೆ ‘ಜಿಮ್’ ಎಂದೇ ಹೆಸರಿಟ್ಟರು. 1979ರಲ್ಲಿ ಸಿಲ್ವಿಯಾ ಅರ್ಲ್ ಹವಾಯಿಯಲ್ಲಿ 381 ಮೀಟರ್ ಆಳದ ನೆಲದಲ್ಲಿ ನಡೆದದ್ದು ಈ ‘ಜಿಮ್’ ಕವಚದಲ್ಲೇ.

ಉಡುಪಿ_ಮಾಷ್ಟ್ರು:
ಬಹಳ ಉಪಕಾರ ಆಯ್ತು. ಒಂದು ಸಂಶಯ. ಲೆತ್‌ಬ್ರಿಜ್ ಪೀಪಾಯಿಯಲ್ಲಿ 34 ನಿಮಿಷ ಇರುತ್ತಿದ್ದರಂತೆ, ಗಾಳಿಯ ಕೊಳವೆ ಇಲ್ಲದೆ. ಆಮ್ಲಜನಕ ಮುಗಿಯುತ್ತಿತ್ತಾ?

ಪಣಂಬೂರು_ಕಡಲು:
ಇಲ್ಲ ಮಾಷ್ಟ್ರೆ, ಮೊದಲು ಕಾಡುವುದು ಇಂಗಾಲದ ಡೈಆಕ್ಸೈಡ್. ಆ ಅಳತೆಯ ಪೀಪಾಯಿಯಲ್ಲಿ ಮನುಷ್ಯನ ಜಾಗ ಕಳೆದರೆ 470 ಲೀಟರಿನಷ್ಟು ಗಾಳಿ ಉಳಿಯುತ್ತದೆ. ಹಗುರ ಕೆಲಸದಲ್ಲಿ ಉಸಿರಿನಿಂದ ಬರುವ ಡೈಆಕ್ಸೈಡ್ ನಿಮಿಷಕ್ಕೆ ಅರ್ಧ ಲೀಟರ್ ಎಂದರೂ 34 ನಿಮಿಷಕ್ಕೆ 17 ಲೀಟರ್, ಸುಮಾರು 3.6 ಶೇಕಡಾ. ಏದುಸಿರು, ತಲೆನೋವು ಬರುವ ಮಟ್ಟ ಅದು. ಆಮ್ಲಜನಕ ಆಗಲೂ 17 ಶೇಕಡಾದ ಆಸುಪಾಸು ಇರುತ್ತದೆ. ಮೇಲೆ ಬಂದಾಗ ತಿದಿಯಿಂದ ಗಾಳಿ ಬದಲಿಸುತ್ತಿದ್ದರು.

ಈಗಿನ ಕವಚಗಳಲ್ಲಿ ಉಸಿರನ್ನು ಸೋಡಾ ಸುಣ್ಣದ ಡಬ್ಬಿಯ ಮೂಲಕ ಹಾಯಿಸಿ ಇಂಗಾಲದ ಡೈಆಕ್ಸೈಡ್ ಹೀರಿಸುತ್ತಾರೆ, ಖರ್ಚಾದಷ್ಟೇ ಆಮ್ಲಜನಕ ಬಿಡುತ್ತಾರೆ. ಒಳಗಿನ ಒತ್ತಡಮಾಪಕ ಇಳಿಯುತ್ತಾ ಬಂದರೆ ಬಿಡುತ್ತಿರುವ ಆಮ್ಲಜನಕ ಸಾಲದು, ಏರಿದರೆ ಹೆಚ್ಚಾಯಿತು. ಹೆಚ್ಚಾದರೆ ಬೆಂಕಿಯ ಅಪಾಯ.

ದಕ್ಕೆ_ಫಿಟ್ಟರ್:
ಮಾದರಿಗೆ ಬರುತ್ತೇನೆ. ಎರಡು ತೋಳು ಮಾಡಿಸಿ, ಒಂದು ಕೆಟ್ಟದ್ದು, ಒಂದು ಒಳ್ಳೆಯದು.

ಕೆಟ್ಟ ತೋಳಿಗೆ ವಾಷಿಂಗ್ ಮೆಷಿನ್ನಿನ ಸುರುಳಿ ಡ್ರೈನ್ ಹೋಸ್ ಅರ್ಧ ಮೀಟರ್ ಸಾಕು. ಎರಡೂ ತುದಿಗೆ ಬಿರಡೆ, ಒಂದರ ಮೂಲಕ 6 ಮಿ.ಮೀ. ಒಳವ್ಯಾಸದ ಪಾರದರ್ಶಕ ಟ್ಯೂಬ್ ಒಂದು ಮೀಟರ್ ನೇರ ಮೇಲಕ್ಕೆ. ಬಣ್ಣದ ನೀರು ತುಂಬಿ ಹೋಸ್ ಬಗ್ಗಿಸಿ. ಟ್ಯೂಬಿನಲ್ಲಿ 3.5 ಸೆಂ.ಮೀ. ಏರಿಳಿತ ಅಂದರೆ 1 ಸಿ.ಸಿ. ಬದಲಾವಣೆ. ಮಟ್ಟ ಏರುವುದೋ ಇಳಿಯುವುದೋ ಹೋಸ್ ಹೇಗೆ ಹಿಗ್ಗುತ್ತದೆ ಎಂಬುದರ ಮೇಲೆ ಹೋಗುತ್ತದೆ. ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನು ತೋರಿಸಿದರೆ ಆಯಿತು. ಪ್ರತಿ ಸಿ.ಸಿ.ಗೆ 300 ಮೀಟರಿನಲ್ಲಿ 3 ಜೂಲ್ ಎಂದು ಮಕ್ಕಳೇ ಲೆಕ್ಕ ಹಾಕಲಿ.

ಒಳ್ಳೆ ತೋಳು ಪೆರೆಸ್ ಕೀಲಲ್ಲ, ಅದನ್ನು ಶಾಲೆಯಲ್ಲಿ ಮಾಡಲಾಗದು. ಕೆನಡಾದ ಫಿಲ್ ನ್ಯೂಟೆನ್ 1980ರ ದಶಕದಲ್ಲಿ ‘ನ್ಯೂಟ್‌ಸೂಟ್’ಗೆ ಹಾಕಿದ ತಿರುಗು ಕೀಲು ಮಾಡಿಸಿ. ಅದು ಮಡಚುವುದೇ ಇಲ್ಲ, ಬರೀ ತಿರುಗುತ್ತದೆ. ಓರೆ ಬಳೆಗಳನ್ನು ಒಂದರ ಮೇಲೊಂದು ಇಟ್ಟು ತಿರುಗಿಸಿದರೆ ತೋಳು ಬಾಗುತ್ತದೆ, ಒಳಜಾಗ ಹಾಗೇ ಇರುತ್ತದೆ. 75 ಮಿ.ಮೀ. ಎಸ್‌ಡಬ್ಲ್ಯುಆರ್ (ಕೊಳಚೆ, ಮಳೆನೀರು ಹೋಗುವ ಪಿವಿಸಿ) ಪೈಪಿನ ರಬ್ಬರ್ ರಿಂಗ್ ಇರುವ 45 ಡಿಗ್ರಿ ಬೆಂಡ್ ಎರಡು ತನ್ನಿ. ಒಂದರ ತುದಿಯನ್ನು ಇನ್ನೊಂದರ ಸಾಕೆಟ್ಟಿಗೆ ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿ. ಎಂಜಿನ್ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಉಳಿದ ಸಾಕೆಟ್ಟಿಗೆ ರಿಂಗ್ ಪ್ಲಗ್ ಹಾಕಿ ತಂತಿಯಿಂದ ಕಟ್ಟಿ, ಇನ್ನೊಂದು ಬಾಯಿಗೆ ಎಂಡ್ ಕ್ಯಾಪ್ ಸಾಲ್ವೆಂಟ್ ಹಾಕಿ ಒಂದು ದಿನ ಒಣಗಿಸಿ. ಅದೇ ಟ್ಯೂಬನ್ನು ಅಲುಗದ ಅರ್ಧಕ್ಕೆ ಕೂರಿಸಿ. ಒಂದು ಬೆಂಡನ್ನು 180 ಡಿಗ್ರಿ ತಿರುಗಿಸಿದರೆ ನೇರ ಇದ್ದ ತೋಳು 90 ಡಿಗ್ರಿ ಬಾಗುತ್ತದೆ, ಟ್ಯೂಬಿನ ನೀರು ಕದಲುವುದಿಲ್ಲ.

ತಪ್ಪುವುದು ಒಂದೇ ಕಡೆ. ಒಂದು ಮೀಟರ್ ನೀರು ಆ 44 ಚದರ ಸೆಂ.ಮೀ. ಮೇಲೆ 4.4 ಕೆ.ಜಿ. ಬಲದಿಂದ ಬೆಂಡನ್ನು ಹೊರಗೆ ದೂಡುತ್ತದೆ. ಸಮುದ್ರದಲ್ಲಿ ಇದರ ಉಲ್ಟಾ, ಅಲ್ಲಿ ಒಳಗೆ ಒತ್ತುತ್ತದೆ. ಬೆಂಡ್ 1 ಮಿ.ಮೀ. ಜಾರಿದರೂ ಟ್ಯೂಬಿನಲ್ಲಿ 15 ಸೆಂ.ಮೀ. ಇಳಿದು ಪ್ರಯೋಗ ಸುಳ್ಳಾಗುತ್ತದೆ. ಅದಕ್ಕೆ ಒಳಗೆ ಹೋಗುವ ಬೆಂಡಿಗೆ ಹೋಸ್ ಕ್ಲಿಪ್ ಹಾಕಿ, ಅದರಡಿ ಮೂರು ತಗಡಿನ ಪಟ್ಟಿ ಸಿಕ್ಕಿಸಿ, ಪಟ್ಟಿಯ ತುದಿ ಸಾಕೆಟ್ಟಿನ ದಪ್ಪ ಕಂಠದ ಹಿಂದೆ ಕೊಕ್ಕೆಯಂತೆ ಮಡಚಿ. ತಿರುಗಲು ಬಿಡುತ್ತದೆ, ಜಾರಲು ಬಿಡುವುದಿಲ್ಲ.

ನೀರು ತುಂಬುವಾಗ ತೋಳನ್ನು ಓರೆ ಮಾಡಿ ತಟ್ಟಿ ಗುಳ್ಳೆ ಪೂರ್ತಿ ಬಿಡಿಸಿ. ಗಾಳಿ ಉಳಿದಿದ್ದರೆ ತೋಳು ಮೇಲೆ ಕೆಳಗೆ ಆಗುವಾಗ ಅದು ಕುಗ್ಗಿ ಹಿಗ್ಗಿ ಮಟ್ಟ ಅಲುಗಾಡುತ್ತದೆ, ಮಕ್ಕಳು ಕೀಲೇ ಸರಿಯಿಲ್ಲ ಅಂದುಕೊಳ್ಳುತ್ತಾರೆ.