ಒಡವೆ ಫೋಟೋ ‘ಶಾರ್ಪ್’ ಆಗಿ ಬರಲಿ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಸ್ವಲ್ಪ ಅವಸರದಲ್ಲಿದ್ದೇನೆ. ಬೆಂಗಳೂರಿನ ನಗರ್ತಪೇಟೆ ಕಡೆಯ ಅಕ್ಕಸಾಲಿಗರಿಗೆ ಹಂಚಲು ಒಂದು ಕೈಪಿಡಿಯನ್ನು ಅನುವಾದ ಮಾಡುತ್ತಿದ್ದೇನೆ. ಎಂಟೇ ಪುಟ. ಮಾಡಿದ ಒಡವೆಯನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ಗಿರಾಕಿಗೆ ಕಳಿಸೋದು ಹೇಗೆ ಅಂತ. ಶುಕ್ರವಾರ ಬೆಳಿಗ್ಗೆ ಪ್ರೆಸ್‌ಗೆ ಕೊಡಬೇಕು.

ನಾನು ಸಿಕ್ಕಿಕೊಂಡಿರುವುದು ‘ಶಾರ್ಪ್’ನಲ್ಲಿ. ಮೂಲದಲ್ಲಿ ಪುಟಕ್ಕೆ ನಾಲ್ಕು ಸಲ ಬರುತ್ತದೆ. ಚೂಪು ಅನ್ನೋಕಾಗಲ್ಲ, ಅದು ಸೂಜಿಗೆ. ‘ಸ್ಪಷ್ಟ’ ಅಂತ ಹಾಕಿ ಮುಗಿಸಿದ್ದೆ. ‘ಕ್ಲೋಸಪ್’ಗೆ ‘ಹತ್ತಿರಚಿತ್ರ’ ಅಂದಿದ್ದೆ. ನಮ್ಮ ಭಾವ ಅಕ್ಕಸಾಲಿಗರೇ, ಅವರಿಗೆ ಓದಲು ಕೊಟ್ಟೆ. ಅವರು ಓದಿ, ತಾವೇ ತೆಗೆದ ಮೂರು ಫೋಟೋ ಮುಂದಿಟ್ಟರು. ಒಂದು ಏಳು ಕಲ್ಲಿನ ಮೂಗುಬೊಟ್ಟು. ಒಂದೊಂದು ಕಲ್ಲೂ ಎರಡೆರಡಾಗಿ ಕಾಣುತ್ತಿದೆ, ಬಟನ್ ಒತ್ತುವಾಗ ಕೈ ಅಲುಗಿದೆ. ಇನ್ನೊಂದರಲ್ಲಿ ಉಂಗುರ ಪೂರ್ತಿ ಮಂಜು ಮಂಜು, ಆದರೆ ಕೆಳಗೆ ಹಾಸಿದ ಮಖಮಲ್ ಬಟ್ಟೆಯ ಎಳೆ ಎಣಿಸಬಹುದು. ಮೂರನೆಯದು ಜುಮಕಿ. ಮುಂದಿನ ಕೆಂಪು ಕಲ್ಲು ಕಣ್ಣಿಗೆ ಹೊಡೆಯುತ್ತಿದೆ, ಹಿಂದೆ ತೂಗುವ ಮುತ್ತುಗಳು ಕರಗಿಹೋಗಿವೆ.

“ಮೂರೂ ಸ್ಪಷ್ಟ ಇಲ್ಲ. ಮೂರಕ್ಕೂ ಮದ್ದು ಒಂದೇನಾ?” ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಹಾಗಾಗಿ ಮೂರಕ್ಕೂ ಬೇರೆ ಬೇರೆ ಮಾತು ಬೇಕು. ‘ಡೆಪ್ತ್ ಆಫ್ ಫೀಲ್ಡ್’ಗೂ ಬೇಕು, ಅಂದರೆ ಮುಂದಿಂದ ಹಿಂದಿನ ತನಕ ಎಷ್ಟು ಭಾಗ ಶಾರ್ಪ್ ಆಗಿ ಬರುತ್ತದೆ ಅನ್ನೋದಕ್ಕೆ. ‘ಕ್ಷೇತ್ರದ ಆಳ’ ಅಂತ ಎಲ್ಲೋ ನೋಡಿದೆ, ಓದಿದರೆ ಹೊಲದ ಮಾತು ಅನ್ನಿಸುತ್ತದೆ. ದಯವಿಟ್ಟು ಬೇಗ ತಿಳಿಸಿ.

*

ಉತ್ತರ, ಮೈಸೂರಿನಿಂದ:

‘ಹತ್ತಿರಚಿತ್ರ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ತೆಗೆಯಿರಿ. ‘ಸಮೀಪಚಿತ್ರ’ ಸಾಕು.

ಶಾರ್ಪ್‌ಗೆ ‘ಖಚಿತ’ ಹಾಕಿ. ನಾವು ಅದನ್ನು ಗ್ಯಾರಂಟಿ ಅನ್ನೋ ಅರ್ಥಕ್ಕೆ ಸವೆಸಿಬಿಟ್ಟಿದ್ದೇವೆ. ಸಂಸ್ಕೃತದಲ್ಲಿ ಅದು ಕೂರಿಸಿದ್ದು, ಕೆತ್ತಿದ್ದು. ರತ್ನಖಚಿತ ಕಿರೀಟ ಅನ್ನೋದಿಲ್ಲವೇ? ಚಿನ್ನದಲ್ಲಿ ಕಲ್ಲು ಕೂತ ಹಾಗೆ ಗೆರೆ ಗೆರೆಯೂ ಕೂತಿರುವ ಚಿತ್ರ. ಒಡವೆಯ ಕೈಪಿಡಿಗೆ ಇದಕ್ಕಿಂತ ಒಪ್ಪುವ ಪದ ಇಲ್ಲ.

*

ಉತ್ತರ, ಹಾಸನದಿಂದ:

ಖಚಿತ ಆಗಲ್ಲ. ಓದಿದವರಿಗೆ ಗ್ಯಾರಂಟಿಯೇ ನೆನಪಾಗೋದು, ರತ್ನ ಅಲ್ಲ.

ನಮ್ಮದೇ ಪದ ಇದೆ: ‘ತಿಳಿ’. ತಮಿಳಿನ ತೆಳಿ, ತೆಲುಗಿನ ತೆಲಿಯು ಇದರ ಒಡಹುಟ್ಟುಗಳು. ಕಣ್ಣಿಗೆ ಕಾಣೋದೂ ಮನಸ್ಸಿಗೆ ಗೊತ್ತಾಗೋದೂ ಒಂದೇ ಬೇರು. ಇಂಥದ್ದನ್ನು ಮನೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಸಾಲಕ್ಕೆ ಹೋಗುತ್ತೀರಿ.

ಕೈಪಿಡಿಯಲ್ಲಿ ಲೆನ್ಸಿಗೆ ಮಸೂರ, ಅಪರ್ಚರಿಗೆ (ಲೆನ್ಸಿನೊಳಗೆ ಬೆಳಕು ಬರೋ ಕಿಂಡಿ) ದ್ಯುತಿರಂಧ್ರ ಅಂತ ಇದ್ದರೆ ಅವನ್ನೂ ತೆಗೆಯಿರಿ. ಲ್ಯಾಟಿನ್‌ನಲ್ಲಿ ಲೆನ್ಸ್ ಅಂದರೆ ಬೇಳೆ, ಗಾಜು ಆ ಆಕಾರದಲ್ಲಿದೆ ಅಂತ. ನಮ್ಮ ಪಠ್ಯಪುಸ್ತಕದವರು ಅಷ್ಟು ದೂರ ನೋಡಿದವರು ಬೇಳೆಯನ್ನು ಮಾತ್ರ ಸಂಸ್ಕೃತದಿಂದ ತಂದರು. ನಮ್ಮ ಅಡುಗೆಮನೆಯಲ್ಲಿ ಅದು ಚನ್ನಂಗಿ ಬೇಳೆ. ‘ಚನ್ನಂಗಿಗಾಜು’ ಅನ್ನೋಕೆ ನಾಚಿಕೆ ಯಾಕೆ? ಅಪರ್ಚರ್‌ಗೆ ‘ಬೆಳಕಿಂಡಿ’ ಹಾಕಿ. ಹಳೇ ಮನೆ ಸೂರಿನಲ್ಲಿ ಈಗಲೂ ಇದೆ.

*

ಉತ್ತರ, ದಾವಣಗೆರೆಯಿಂದ:

ನಾನು ಸ್ಟುಡಿಯೋ ಇಟ್ಟುಕೊಂಡವನು. ತಿಳಿ ಬೇಡವೇ ಬೇಡ. ತಿಳಿ ಹಳದಿ ಅಂದರೆ ಪೇಲವ ಹಳದಿ. ತಿಳಿಸಾರು ಅಂದರೆ ನೀರು ಜಾಸ್ತಿ. ‘ತಿಳಿ ಫೋಟೋ ಕೊಡಪ್ಪ’ ಅಂದರೆ ನಮ್ಮ ಹುಡುಗರು ಬಣ್ಣ ಇಳಿಸಿ ಪ್ರಿಂಟ್ ಹಾಕ್ತಾರೆ. ನಿಮಗೆ ಬೇಕಿರೋದರ ಉಲ್ಟಾ.

ಅಂಗಡಿಯಲ್ಲಿ ನಾವು ಹೇಳೋದು ಮೂರೇ ಮಾತು. ‘ಶೇಕ್ ಆಗಿದೆ’, ‘ಫೋಕಸ್ ತಪ್ಪಿದೆ’, ‘ಹಿಂದೆ ಔಟ್ ಆಗಿದೆ’. ನಿಮ್ಮ ಭಾವ ತೋರಿಸಿದ್ದೂ ಇದೇ ಮೂರು, ಅಲ್ವಾ? ಮೂರಕ್ಕೂ ಮದ್ದು ಬೇರೆ. ಶೇಕ್‌ಗೆ ಟ್ರೈಪಾಡ್, ಜೊತೆಗೆ 2 ಸೆಕೆಂಡಿನ ಟೈಮರ್, ಆಗ ಬೆರಳು ಒತ್ತಿದ ಅದುರೂ ಇರಲ್ಲ. ಫೋಕಸ್ ತಪ್ಪಿದ್ದಕ್ಕೆ ಹೂವಿನ ಗುರುತಿನ ಮೋಡ್ ಹಾಕಿ, ಬಟನ್ ಅರ್ಧ ಒತ್ತಿ, ಹಿಡಿದ ಮೇಲೆ ಪೂರ್ತಿ ಒತ್ತೋದು. ಚಿಕ್ಕ ಕ್ಯಾಮೆರಾಗಳಲ್ಲಿ ಜೂಮ್ ಮಾಡಿದರೆ ಸಾಮಾನ್ಯವಾಗಿ ಹತ್ತಿರದ್ದು ಹಿಡಿಯಲ್ಲ, ಜೂಮ್ ಹಿಂದಕ್ಕೆ ತಂದು ಕ್ಯಾಮೆರಾನೇ ಹತ್ತಿರ ಒಯ್ಯಬೇಕು, ಇದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ, ಎಲ್ಲರೂ ಎಡವೋದು ಇಲ್ಲೇ.

ಮೂರನೆಯದಕ್ಕೆ ಅಪರ್ಚರ್ ಸಣ್ಣ ಮಾಡಬೇಕು. ದೊಡ್ಡ ಕ್ಯಾಮೆರಾದಲ್ಲಿ ಎಫ್ 8, ಎಫ್ 11, ನಂಬರ್ ಏರಿದಷ್ಟೂ ಕಿಂಡಿ ಸಣ್ಣ. ಎಫ್ 22ರವರೆಗೆ ಹೋದರೆ ಮುಂದಿಂದ ಹಿಂದಿನ ತನಕ ಶಾರ್ಪ್ ಬರುವ ಭಾಗ ಹೆಚ್ಚುತ್ತೆ, ಆದರೆ ಕಿಂಡಿ ತೀರಾ ಚಿಕ್ಕದಾಗಿ ಬೆಳಕೇ ಹರಡಿಕೊಂಡು ಇಡೀ ಫೋಟೋ ಮೆತ್ತಗಾಗುತ್ತೆ. ಒಡವೆ ಇದ್ದಷ್ಟೇ ಅಳತೆಯಲ್ಲಿ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯೋ ಫಲಕ) ಮೇಲೆ ಬೀಳೋ 1:1ರಲ್ಲಿ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ, ಕ್ಯಾಮೆರಾಕ್ಕೆ ಎಫ್ 11 ಇಟ್ಟರೂ ಸರಿಯಾಗಿ ಕಾಣೋದು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಜುಮಕಿ ಎಷ್ಟು ದಪ್ಪ ಇರುತ್ತೆ ಯೋಚನೆ ಮಾಡಿ.

ಫೋಕಸ್ ಈಗ ಕನ್ನಡವೇ. ಅದನ್ನು ಮುಟ್ಟಬೇಡಿ.

*

ಉತ್ತರ, ಹಾಸನದಿಂದ:

ಬಳಸ್ತೀವಿ ಅಂದ ಮಾತ್ರಕ್ಕೆ ಕನ್ನಡ ಆಗಲ್ಲ. ಇವತ್ತು ಫೋಕಸ್ ಬಿಟ್ಟರೆ ನಾಳೆ ‘ಒಡವೆ’ಯೂ ಹೋಗಿ ‘ಜ್ಯುವೆಲ್ಸ್’ ಬರುತ್ತದೆ. ಬೋರ್ಡುಗಳಲ್ಲಿ ಆಗಲೇ ಬಂದಿದೆ. ಇದು ನಿಮಗೆ ಸಣ್ಣ ವಿಷಯ, ನನಗಲ್ಲ.

*

ಉತ್ತರ, ಧಾರವಾಡದಿಂದ:

ಚಾವಿ ಪೋರ್ಚುಗೀಸರದು. ಅಲಮಾರು ಅವರದೇ. ಕುರ್ಚಿ ಅರಬ್ಬಿಯಿಂದ ಬಂದದ್ದು. ಆ ಕುರ್ಚಿಯ ಮೇಲೆ ಕೂತು ಫೋಕಸ್ ಬೇಡ ಅನ್ನುತ್ತಿದ್ದೀರಿ. ಅದು ಇಂಗ್ಲಿಷರ ಸ್ವಂತದ್ದೂ ಅಲ್ಲ. ಲ್ಯಾಟಿನ್‌ನಲ್ಲಿ ಫೋಕಸ್ ಅಂದರೆ ಒಲೆ, ಕೆಪ್ಲರ್ 1604ರಲ್ಲಿ ಅದನ್ನು ಗಣಿತಕ್ಕೆ ತಂದ. ನಮ್ಮ ಶಾಲೆಯ ‘ಸಂಗಮ ದೂರ’ ಒಳ್ಳೆಯ ಪದವೇ. ಆದರೆ ‘ಸಂಗಮ ತಪ್ಪಿದೆ’ ಅಂತ ಯಾವ ಅಕ್ಕಸಾಲಿಗರೂ ಅನ್ನಲ್ಲ. ತೀರಾ ಹತ್ತಿರದ ಫೋಟೋಗೆ ಅನ್ನೋ ‘ಮ್ಯಾಕ್ರೋ’ಗಂತೂ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾನನ್ ಮ್ಯಾಕ್ರೋ ಅನ್ನೋ ಲೆನ್ಸನ್ನೇ ನಿಕಾನ್ ಮೈಕ್ರೋ ಅನ್ನುತ್ತದೆ. ಗುಂಡಿಯ ಮೇಲೆ ಹೂವು ಇದೆ, ‘ಹೂವಿನ ಗುರುತು’ ಅನ್ನಿ.

ಶಾರ್ಪ್‌ಗೆ ‘ನಿಚ್ಚಳ’. ಯಾರೂ ಹೇಳದ್ದು ಆಶ್ಚರ್ಯ. ನಿಶ್ಚಲದಿಂದ ಬಂದದ್ದು, ಅಂದರೆ ಮೂಲದಲ್ಲಿ ಅಲುಗದ್ದು. ಕೆರೆಯಿಂದ ತಂದ ನೀರು ಕೊಡದಲ್ಲಿ ಕದಲದೆ ನಿಂತರೆ ಮಣ್ಣು ತಳ ಸೇರುತ್ತದೆ, ಬಗ್ಗಿ ನೋಡಿದರೆ ಕೊಡದ ತಳದ ತಗ್ಗೂ ಕಾಣುತ್ತದೆ. ನಿಂತದ್ದು, ಆಮೇಲೆ ಕಂಡದ್ದು. ಟ್ರೈಪಾಡ್ ಯಾಕೆ ಬೇಕು ಅನ್ನೋದನ್ನು ಪದವೇ ಹೇಳುತ್ತಿದೆ.

*

ಉತ್ತರ, ಹಾಸನದಿಂದ:

ತದ್ಭವ. ಸುತ್ತಿ ಬಳಸಿ ಮತ್ತೆ ಸಂಸ್ಕೃತಕ್ಕೇ.

*

ಉತ್ತರ, ಮೈಸೂರಿನಿಂದ:

ತದ್ಭವ ಕನ್ನಡವಲ್ಲ ಅನ್ನುವವರು ಮೊದಲು ಬಣ್ಣ, ಸಕ್ಕರೆ ಎರಡನ್ನೂ ಬಿಡಲಿ. ‘ಖಚಿತ’ವನ್ನು ನಾನು ಇನ್ನೂ ಬಿಟ್ಟಿಲ್ಲ. ಆದರೆ ನಿಚ್ಚಳಕ್ಕೆ ನನ್ನ ತಕರಾರಿಲ್ಲ.

*

ಎಲ್ಲರಿಗೂ ಮತ್ತೆ ನಮಸ್ಕಾರ. ತುಂಬಾ ಉಪಕಾರ ಆಯಿತು.

ಎಲ್ಲವನ್ನೂ ಭಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಮುಖಪುಟಕ್ಕೆ ‘ಒಡವೆಯ ನಿಚ್ಚಳ ಫೋಟೋ’ ಅಂತ ಇಟ್ಟೆ. ಒಳಗೆ ‘ಸ್ಪಷ್ಟ ಇಲ್ಲ’ ಅನ್ನೋದನ್ನು ಎಲ್ಲಾ ಕಡೆ ತೆಗೆದುಹಾಕಿದ್ದೇನೆ. ಮೊದಲನೆಯದು ‘ಅಲುಗಿದೆ’. ಎರಡನೆಯದು ‘ಫೋಕಸ್ ತಪ್ಪಿದೆ’, ಹಾಸನದ ಸರ್ ಕ್ಷಮಿಸಬೇಕು, ಬೇರೆ ಏನು ಬರೆದರೂ ಓದುವವರು ಒಂದು ಗಳಿಗೆ ನಿಲ್ಲುತ್ತಿದ್ದರು. ಬೆಳಕಿಂಡಿಯನ್ನು ಮಾತ್ರ ಹಾಗೇ ತೆಗೆದುಕೊಂಡೆ, ಭಾವನಿಗೆ ಬಹಳ ಹಿಡಿಸಿತು. ‘ಹತ್ತಿರಚಿತ್ರ’ ಹೋಯಿತು, ಈಗ ಸುಮ್ನೆ ‘ಹತ್ತಿರದ ಫೋಟೋ’.

ಮೂರನೆಯದಕ್ಕೆ ಪದ ಅವರೇ ಕೊಟ್ಟರು. ಒಂದು ಮಿಲಿಮೀಟರ್ ಲೆಕ್ಕ ಹೇಳಿದ ಕೂಡಲೇ “ಹಾಗಾದ್ರೆ ರೇಕಿನ ಥರ ಅನ್ನು” ಅಂದರು. ಬಡಿದು ತೆಳ್ಳಗೆ ಮಾಡಿದ ಚಿನ್ನದ ತಗಡು ಇದೆಯಲ್ಲ, ಅದು. ನನಗೆ ಆಗಲೇ ಕಣ್ಣಿಗೆ ಕಟ್ಟಿತು. ಈಗ ಆ ಪುಟದಲ್ಲಿ ಹೀಗಿದೆ: “ಹತ್ತಿರ ಹೋದಷ್ಟೂ ನಿಚ್ಚಳದ ರೇಕು ತೆಳ್ಳಗಾಗುತ್ತದೆ. ಒಡವೆಯ ಮುಖ ಕ್ಯಾಮೆರಾಕ್ಕೆ ನೇರವಾಗಿರಲಿ, ಆಗ ಆ ರೇಕಿನೊಳಗೆ ಹೆಚ್ಚು ಕಲ್ಲು ಕೂರುತ್ತವೆ. ಸಾಲದಿದ್ದರೆ ಬೆಳಕಿಂಡಿಯನ್ನು ಸಣ್ಣ ಮಾಡಿ.”

ಒಂದೇ ಸಂಶಯ ಉಳಿದಿದೆ. ಇದರ ಪ್ರತಿಗಳು ಮುಂದೆ ಬೆಳಗಾವಿ, ಹುಬ್ಬಳ್ಳಿ ಕಡೆಗೂ ಹೋಗಬಹುದು. ಅಲ್ಲಿನ ಪತ್ತಾರರು (ಅಕ್ಕಸಾಲಿಗರು) ‘ರೇಕು’ ಅನ್ನುತ್ತಾರಾ, ಬೇರೆ ಮಾತಿದೆಯಾ? ಧಾರವಾಡದವರು ಒಬ್ಬರನ್ನಾದರೂ ಕೇಳಿ ಗುರುವಾರ ರಾತ್ರಿಯೊಳಗೆ ಒಂದು ಸಾಲು ಬರೆಯಿರಿ.